ಉತ್ತರಕ್ಕೆ ಕದಲಿಸಿದ ಚೆಂಡು

ಹದಿಮೂರು ವರ್ಷ ಒಂಬತ್ತನೆಯ ನಂಬರಿನ ಅಂಗಿ ತೊಟ್ಟು ಫುಟ್‌ಬಾಲ್ ಮೈದಾನದಲ್ಲಿ ನಿಂತೆ. ಮೊದಲು ‘ಆಡಿದೆ’ ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿ ‘ನಿಂತೆ’ ಎಂದು ಮಾಡಿದೆ. ಸ್ಟ್ರೈಕರ್ ಆಗಬೇಕೆಂದು ಹೊರಟಿರುವ ಹುಡುಗ ಹುಡುಗಿಯರು ಮೊದಲು ತಿಳಿಯಬೇಕಾದದ್ದು ಈ ತಿದ್ದುಪಡಿಯನ್ನೇ. ಇಡೀ ಆಟದಲ್ಲಿ ಸ್ಟ್ರೈಕರ್‌ನ ಕಾಲಿಗೆ ಚೆಂಡು ಸಿಕ್ಕಿರುವ ಹೊತ್ತೆಲ್ಲ ಸೇರಿಸಿದರೆ ಒಂದು ಕಾಫಿ ಕುಡಿದು ಮುಗಿಸುವುದಕ್ಕೂ ಸಾಲದು. ಉಳಿದ ಹೊತ್ತೆಲ್ಲ ಎದುರು ತಂಡದ ಡಿಫೆಂಡರ್ ಪಕ್ಕದಲ್ಲಿ ನಿಂತು ಅವನ ಉಸಿರು ಕುಡಿಯುವುದೇ ಕೆಲಸ. ಒಬ್ಬ ಡಿಫೆಂಡರ್ ತನ್ನ ಅಕ್ಕನ ಮಗಳಿಗೆ ಗಂಡು ಹುಡುಕುತ್ತಿದ್ದ. ಕಾರ್ನರ್ ಕಿಕ್ಕಿಗೆ ಕಾಯುತ್ತಿರುವಾಗ ನನ್ನ ನಕ್ಷತ್ರ ಕೇಳಿದ. ನಾನು ನಕ್ಷತ್ರದ ಜೊತೆ ಪಾದವನ್ನೂ ನೆನಪು ಮಾಡಿಕೊಳ್ಳುವಷ್ಟರಲ್ಲಿ ಚೆಂಡು ನಮ್ಮಿಬ್ಬರ ನಡುವೆಯೇ ಹಾದುಹೋಯಿತು.

ಇದು ನಡೆದದ್ದು ನಿಜವೇ ಎಂದು ಕೇಳಬೇಡಿ. ನಲವತ್ತು ಸಲ ಹೇಳಿದ್ದೇನೆ. ಹೇಳಿ ಹೇಳಿ ಈಗ ನೆನಪಿರುವುದು ನಡೆದದ್ದೋ ಹೇಳಿದ್ದೋ ತಿಳಿಯುವುದಿಲ್ಲ. ಕೆಲಸದ ಬಗ್ಗೆ ಬರೆಯುವವರೆಲ್ಲ ನೆನಪನ್ನು ಇಸ್ತ್ರಿ ಮಾಡಿ ತರುತ್ತಾರೆ. ನನ್ನದು ಮುದುರಿದ್ದ ಹಾಗೇ ಇರಲಿ.

ನಾನಿದ್ದದ್ದು ಕಡಕೊಳದ ಒಂದು ಪ್ರೆಶರ್ ಕುಕ್ಕರ್ ಕಾರ್ಖಾನೆಯ ತಂಡದಲ್ಲಿ. ಹನ್ನೊಂದು ಮಂದಿಯನ್ನೂ ಕ್ರೀಡೆಯ ಲೆಕ್ಕದಲ್ಲಿ ಸೇರಿಸಿಕೊಂಡಿದ್ದರು, ಎಲ್ಲರೂ ತಾತ್ಕಾಲಿಕ. ಬೆಳಿಗ್ಗೆ ಕುಕ್ಕರಿನ ರಬ್ಬರು ಎಳೆದು ನೋಡುವ ಕೆಲಸ, ಮಧ್ಯಾಹ್ನದ ಮೇಲೆ ಅಭ್ಯಾಸ. ಗೆದ್ದರೆ ಬಹುಮಾನ ಕುಕ್ಕರ್, ಪಂದ್ಯದ ಶ್ರೇಷ್ಠ ಆಟಗಾರನಿಗೆ ಇನ್ನೂ ದೊಡ್ಡ ಕುಕ್ಕರ್. ನಮ್ಮ ಬಂಧುಬಳಗದ ಯಾವ ಮದುವೆಗೂ ನಾವು ಬೇರೆ ಉಡುಗೊರೆ ಒಯ್ದವರಲ್ಲ.

ಕಾರ್ಖಾನೆಯ ಮ್ಯಾನೇಜರರು ಶಿಸ್ತಿನ ಮನುಷ್ಯ. ಪ್ರತಿ ಕೆಲಸಗಾರನಿಗೂ ಉತ್ಪಾದನೆಯ ಕಾರ್ಡ್ ಇರಬೇಕೆಂಬುದು ಅವರ ನಿಯಮ, ಹಾಗಾಗಿ ನನಗೂ ಒಂದು ಕಾರ್ಡ್ ಬಂತು. ‘ತಯಾರಿಸುವ ವಸ್ತು’ ಎಂಬ ಕಡೆ ‘ಗೋಲು’ ಎಂದು ಬರೆದಿದ್ದರು. ಒಂದು ವರ್ಷ ಪೂರ್ತಿ ನನ್ನ ಕಾರ್ಡಿನಲ್ಲಿ ಸೊನ್ನೆ ಬಿತ್ತು. ಮ್ಯಾನೇಜರರು ಕರೆಸಿದರು.

“ಏನ್ರೀ ಪುಟ್ಟರಾಜು, ಕಚ್ಚಾ ಮಾಲು ಬರ್ತಾ ಇಲ್ವಾ?”

“ಬರ್ತಾ ಇದೆ ಸಾರ್. ಮಹದೇವ ಎಡಗಡೆಯಿಂದ ಕಳಿಸ್ತಾನೆ.”

“ಮತ್ತೆ?”

“ತಲುಪೋದು ಸ್ವಲ್ಪ ತಡ ಆಗುತ್ತೆ ಸಾರ್.”

ಅವರು ಷರಾ ಕಾಲಮ್ಮಿನಲ್ಲಿ ‘ಸಾಗಾಣಿಕೆ ವಿಳಂಬ’ ಎಂದು ಬರೆದರು. ಮಹದೇವ ನನ್ನ ಜೊತೆ ಎರಡು ವಾರ ಮಾತು ಬಿಟ್ಟ. ಅವನು ನಮ್ಮ ಎಡ ವಿಂಗರ್, ನನಗಿಂತ ನಾಲ್ಕು ವರ್ಷ ಚಿಕ್ಕವನು. ತನ್ನ ಕ್ರಾಸಿನ ಬಗ್ಗೆ, ಅಂದರೆ ಅಂಚಿನಿಂದ ಗೋಲಿನ ಮುಂದಕ್ಕೆ ತೂರುವ ಚೆಂಡಿನ ಬಗ್ಗೆ, ಅವನಿಗೆ ಹೆತ್ತವರ ಅಭಿಮಾನ. ಈಗಿನ ಹುಡುಗರು ಬೆನ್ನಿಗೆ ಯಂತ್ರವಿರುವ ಬನಿಯನ್ ಹಾಕಿಕೊಂಡು ಆಡುತ್ತಾರೆ. ಎಷ್ಟು ಓಡಿದೆ, ಎಲ್ಲಿ ನಿಂತೆ, ಎಲ್ಲವನ್ನೂ ಅದು ಹೇಳಿಬಿಡುತ್ತದೆ. ಒಂಟಿಕೊಪ್ಪಲಿನ ಮೈದಾನದಲ್ಲಿ ಒಬ್ಬಳು ಹುಡುಗಿ ಅಂಥದೊಂದನ್ನು ನನಗೆ ತೋರಿಸಿದಳು. ಒಳ್ಳೆಯದೇ. ಆದರೆ ಯಾರ ತಪ್ಪು ಎನ್ನುವುದನ್ನು ಅದೂ ಹೇಳುವುದಿಲ್ಲವಂತೆ. ಆ ಕಾಲಮ್ಮು ಮಾತ್ರ ಇನ್ನೂ ಮ್ಯಾನೇಜರರ ಕೈಯಲ್ಲೇ ಇದೆ.

ಒಂದು ಅಪರಾಧವನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಆ ಸೊನ್ನೆಯ ವರ್ಷಕ್ಕೂ ಮುಂಚೆ ಒಂದು ಪಂದ್ಯದಲ್ಲಿ ಗೋಲು ಹೊಡೆದ ಸಂಭ್ರಮಕ್ಕೆ ನಾನು ಮೈದಾನ ಬಿಟ್ಟು, ಪ್ರೇಕ್ಷಕರನ್ನು ದಾಟಿ, ಹಿಂದಿನ ಹುಣಸೆಮರಕ್ಕೆ ಒಂದು ಸುತ್ತು ಹಾಕಿ ಬಂದೆ. ಬರುವಷ್ಟರಲ್ಲಿ ಎದುರು ತಂಡ ಆಟ ಶುರುಮಾಡಿ, ನನ್ನ ಜಾಗ ಖಾಲಿ ಇರುವುದನ್ನು ನೋಡಿ, ಗೋಲು ಹೊಡೆದು ಮುಗಿಸಿತ್ತು. ನಾನು ಹೇಳುವಾಗ ಪ್ರೇಕ್ಷಕರು ಐನೂರು ಜನ. ಮಹದೇವ ಹೇಳುವಾಗ ಹದಿನೆಂಟು ಜನ ಮತ್ತು ಒಂದು ಎಮ್ಮೆ. ಹುಣಸೆಮರ ಮಾತ್ರ ಇಬ್ಬರ ಕತೆಯಲ್ಲೂ ಇದೆ.

ಸೊನ್ನೆಯ ವರ್ಷದಲ್ಲೇ ಬೆನಿಗ್ನೊ ಬಂದದ್ದು.

ಬೆನಿಗ್ನೊ ಪೆರು ದೇಶದವನು. ಆ ದೇಶದ ತಂಡಕ್ಕೆ ಸ್ಟ್ರೈಕರ್ ಆಗಿ ಆಡಿ ನಿವೃತ್ತನಾದವನು. ಮಂಡಿ ಹಾಳಾಗಿತ್ತು. ಯೋಗ ಕಲಿತರೆ ಸರಿಹೋಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಮೈಸೂರಿಗೆ ಬಂದು, ಒಂಟಿಕೊಪ್ಪಲಿನಲ್ಲಿ ಗಿರಿಜಮ್ಮ ಎಂಬ ಮುದುಕಿಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ. ಸಂಜೆ ಮೈದಾನದ ಕಟ್ಟೆಯ ಮೇಲೆ ಕೂತು ಆಟ ನೋಡುತ್ತಿದ್ದ ಅವನನ್ನು ಮಹದೇವ ಮಾತಾಡಿಸಿ ಕಾರ್ಖಾನೆಗೆ ಕರೆತಂದ. ಮ್ಯಾನೇಜರರು ಒಂದು ಋತುವಿಗೆ ಕೋಚ್ ಮಾಡಿದರು. ಕ್ಯಾಂಟೀನಿನವರ ಬಾಯಲ್ಲಿ ಆ ಹೆಸರು ಒಂದೇ ದಿನಕ್ಕೆ ಬೆಣ್ಣಯ್ಯ ಎಂದಾಯಿತು.

ಬೆಣ್ಣಯ್ಯನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಕನ್ನಡ ಕಲಿತದ್ದು ಗಿರಿಜಮ್ಮನಿಂದ. ಹಾಗಾಗಿ ಆರಡಿ ಎತ್ತರದ, ಬೋಳುತಲೆಯ, ಒಡೆದ ಮೂಗಿನ ಆ ಮನುಷ್ಯ ಬಾಯಿ ತೆರೆದರೆ ಎಂಬತ್ತು ವರ್ಷದ ಅಜ್ಜಿ ಮಾತಾಡುತ್ತಿದ್ದಳು. ನಾನು ಖಾಲಿ ಗೋಲಿನ ಎದುರು ಚೆಂಡನ್ನು ಮೇಲಕ್ಕೆ ಒದ್ದಾಗ ಅಂಚಿನಿಂದ ಕೂಗು ಬರುತ್ತಿತ್ತು:

“ಅಯ್ಯೋ ನನ್ ಬಂಗಾರ, ಹೊಟ್ಟೆಗೇನಾದ್ರೂ ತಿಂದಿದ್ದೀಯೇನಪ್ಪಾ? ಅಲ್ಯಾಕೆ ನಿಂತ್ಕಂಡೆ, ಗಾಳಿ ಗೀಳಿ ಸೋಕೀತು!”

ಎದುರು ತಂಡದವರು ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದರು. ಅದರಿಂದ ಎರಡು ಮೂರು ಗೋಲು ನಮಗೆ ಸಿಕ್ಕಿದ್ದೂ ಉಂಟು, ನನ್ನ ಕಾಲಿನಿಂದಲ್ಲದಿದ್ದರೂ.

ಅವನು ಮೊದಲ ವಾರ ನನಗೆ ಕಲಿಸಿದ್ದು ಗೋಲು ಹೊಡೆಯುವುದನ್ನಲ್ಲ, ತಪ್ಪಿಸಿದ ಮೇಲೆ ಏನು ಮಾಡಬೇಕೆಂಬುದನ್ನು. ತಕ್ಷಣ ತಲೆಯ ಮೇಲೆ ಕೈ ಇಡಬಾರದು. ನೆಲ ನೋಡಬೇಕು, ಅಲ್ಲೊಂದು ಕಲ್ಲು ಇತ್ತೆಂಬಂತೆ. ಒಂದು ಹುಲ್ಲು ಕಿತ್ತು ಪರೀಕ್ಷಿಸಬೇಕು. ಆಮೇಲೆ ನಿಧಾನವಾಗಿ ಎದ್ದು ಚೆಂಡು ಕಳಿಸಿದವನ ಕಡೆ ಕ್ಷಮೆಯ ನೋಟ ಬೀರಬೇಕು. ‘ನಾಳೆಯೂ ಬದುಕಬೇಕಲ್ಲ ಕಂದ’ ಎಂದ. ಎರಡನೆಯ ವಾರ ಕಲಿಸಿದ್ದು ಡಿಫೆಂಡರಿನ ಕಣ್ಣಿಗೆ ಬೀಳದ ಕಡೆ ನಿಲ್ಲುವುದನ್ನು: ಅವನು ಚೆಂಡನ್ನೂ ನನ್ನನ್ನೂ ಒಟ್ಟಿಗೆ ನೋಡಲಾಗದಂಥ ಒಂದು ಜಾಗ ಯಾವಾಗಲೂ ಇರುತ್ತದೆ. ಈ ಎರಡೂ ಪಾಠ ಇವತ್ತಿಗೂ ಸರಿ. ಬನಿಯನ್ನಿನ ಯಂತ್ರಕ್ಕೂ ಇವನ್ನು ಮೀರಲಾಗಿಲ್ಲ.

ಅವನ ವೃತ್ತಿಯ ಬಗ್ಗೆ ಕೇಳಿದರೆ ಒಂದೇ ಗೋಲಿನ ಕತೆ. ದೇಶಕ್ಕಾಗಿ ಅವನು ಹೊಡೆದದ್ದು ಅದೊಂದೇ ಅಂತೆ. ಮೊದಲ ಸಲ ಹೇಳಿದಾಗ ಬಲಗಾಲಿನಿಂದ, ಲೀಮಾ ನಗರದಲ್ಲಿ, ಜಡಿಮಳೆಯಲ್ಲಿ. ಎರಡನೆಯ ಸಲ ಎಡಗಾಲು. ಮೂರನೆಯ ಸಲ ತಲೆ. ಇನ್ನೊಂದು ದಿನ ಮಾತಿಗೆ ಮಾತು ಬಂದು, ಲೀಮಾದಲ್ಲಿ ಮಳೆಯೇ ಬರುವುದಿಲ್ಲ, ಬರೀ ಮಂಜು, ಅಲ್ಲಿ ಕೊಡೆ ಮಾರುವವನು ಉಪವಾಸ ಸಾಯುತ್ತಾನೆ ಎಂದ. ನಾನು ಹಿಡಿದೆ.

“ಮತ್ತೆ ನಿಮ್ ಗೋಲಿನ ದಿನ ಜಡಿಮಳೆ ಬಂತಲ್ಲ?”

ಅವನು ಮಂಡಿ ನೀವಿಕೊಂಡ. ನಾಚಿಕೆಯೇನೂ ಇರಲಿಲ್ಲ ಮುಖದಲ್ಲಿ.

“ಈ ಮಳೆ ಇಲ್ಲೀದು ಕಣಪ್ಪ. ಇಲ್ಲಿ ಬಂದ್ಮೇಲೆ ಸೇರ್ಕಂಡಿರ್ಬೇಕು. ಗೋಲು ಹೊಡ್ದೋನ್ನ ಯಾವತ್ತೂ ಕೇಳ್ಬೇಡ ಕಂದ. ಅವ್ನು ಕಣ್ಮುಚ್ಕಂಡಿರ್ತಾನೆ.”

ಅದು ನಿಜ. ತಲೆಯಿಂದ ಹೊಡೆಯುವಾಗ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಎಷ್ಟು ಅಭ್ಯಾಸ ಮಾಡಿದರೂ ಮುಚ್ಚುತ್ತದೆ.

ಆ ವರ್ಷ ದಸರೆಗೆ ಮುಂಚೆ ಮ್ಯಾನೇಜರರು ನಮ್ಮ ಹನ್ನೊಂದೂ ಜನರನ್ನು ಸಾಲಾಗಿ ನಿಲ್ಲಿಸಿದರು. ಕಾರ್ಖಾನೆಗಳ ನಡುವಿನ ಕಪ್ಪಿನ ಫೈನಲ್ಲಿಗೆ ನಾವು ಬಂದಿದ್ದೆವು, ಹೇಗೋ. “ಗೆದ್ರೆ ಹನ್ನೊಂದೂ ಜನ ಪರ್ಮನೆಂಟ್. ಇಲ್ಲಾಂದ್ರೆ ತಂಡ ಇಲ್ಲ, ನೀವೂ ಇಲ್ಲ,” ಎಂದರು. ಇಷ್ಟೇ ಮಾತು. ನನಗೆ ಅಷ್ಟರಲ್ಲಿ ಮದುವೆಯಾಗಿ ಇಬ್ಬರು ಮಕ್ಕಳು. ಮಹದೇವನಿಗೆ ಕೃಷ್ಣಮೂರ್ತಿಪುರಂನ ಸುಶೀಲಾ ಎಂಬ ಹುಡುಗಿ ಗೊತ್ತಾಗಿದ್ದಳು. ಪರ್ಮನೆಂಟ್ ಆದೇಶ ಕೈಗೆ ಬಂದ ಮೇಲೆ ಲಗ್ನಪತ್ರಿಕೆ ಎಂದು ಹುಡುಗಿಯ ಅಪ್ಪ ಖಡಾಖಂಡಿತ ಹೇಳಿದ್ದರಂತೆ.

ಎದುರು ತಂಡ ಒಂದು ಹಗ್ಗದ ಕಾರ್ಖಾನೆಯದು. ಹಿಂದಿನ ವರ್ಷ ಕಪ್ ಅವರದ್ದೇ. ಪಂದ್ಯ ಸಮವಾದರೂ ಕಪ್ ಅವರ ಬಳಿಯೇ ಉಳಿಯುತ್ತದೆಂಬುದು ನಿಯಮ. ಗೋಲಿನ ಬಲೆ ಅವರು ತರಬೇಕು, ಚೆಂಡು ನಾವು ತರಬೇಕು. ಪಂದ್ಯ ಆಯುಧಪೂಜೆಯ ದಿನ ಮಧ್ಯಾಹ್ನ. ಮಾರನೆಯ ದಿನ ಜಂಬೂಸವಾರಿ. ಊರಿನ ಒಂದು ಗಜ ಬಯಲೂ ಸಿಗುವುದಿಲ್ಲ.

ಈಗ ನನ್ನ ಜೀವನದ ದೊಡ್ಡ ತಪ್ಪಿಗೆ ಬರುತ್ತೇನೆ.

ಆಯುಧಪೂಜೆಯ ಬೆಳಿಗ್ಗೆ ಕಾರ್ಖಾನೆಯ ಸ್ಟೋರಿನಲ್ಲಿ ಪೂಜೆ. ಲೇತಿಗೆ, ತಕ್ಕಡಿಗೆ, ಸ್ಪ್ಯಾನರುಗಳಿಗೆ ಎಲ್ಲಕ್ಕೂ ಅರಿಶಿನ ಕುಂಕುಮ, ಚೆಂಡುಹೂವು. ಒಂದು ವರ್ಷ ಗೋಲು ಕಾಣದ ಒಂಬತ್ತನೆಯ ನಂಬರಿನವನು ಆ ದಿನ ತನ್ನ ಬೂಟನ್ನು ಪೂಜೆಗೆ ಇಡದೆ ಇರುತ್ತಾನೆಯೇ? ನನ್ನ ಜೋಡಿಯನ್ನಷ್ಟೇ ಇಟ್ಟಿದ್ದರೆ ಸ್ವಾರ್ಥವಾದೀತೆಂದು ಹನ್ನೊಂದು ಜೋಡಿಯನ್ನೂ ಚೀಲದಲ್ಲಿ ಹೊತ್ತು ತಂದೆ. ಚೆಂಡನ್ನೂ ತಂದೆ. ಸ್ಟೋರ್ ಕೀಪರ್ ಶಿವನಂಜಪ್ಪನವರು, ಹಣೆಯ ತುಂಬ ವಿಭೂತಿಯ ಗಂಭೀರ ಮನುಷ್ಯ, ಖುಷಿಯಿಂದಲೇ ಇಸಿದುಕೊಂಡರು. ಬೂಟಿಗೆ ವಿಭೂತಿ ಎಳೆದರು. ಚೆಂಡನ್ನು ರಂಗೋಲಿಯ ನಡುವೆ ಅಕ್ಕಿಯ ಮೇಲೆ ಕೂರಿಸಿ, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಹೊಲಿಗೆ ಹೊಲಿಗೆಗೂ ಮೆತ್ತಿದರು. ಮಂಗಳಾರತಿಯಾಯಿತು. ಪುರಿ, ಕಡಲೆ, ಬಾಳೆಹಣ್ಣು ತಿಂದೆವು. ಹೊರಡುವ ಹೊತ್ತಾಯಿತು.

“ಕೊಡಿ ಸ್ವಾಮಿ, ವ್ಯಾನ್ ಬಂತು,” ಎಂದೆ.

“ಏನ್ ಕೊಡ್ಲಿ?”

“ಬೂಟು. ಚೆಂಡು.”

ಶಿವನಂಜಪ್ಪನವರು ನನ್ನನ್ನು ಅಪರಿಚಿತನನ್ನು ನೋಡುವಂತೆ ನೋಡಿದರು. “ಪೂಜೆಗೆ ಕೂತ್ಮೇಲೆ ಬೂಟು ಅಂತಾರೇನಪ್ಪ? ಆಯುಧ ಅದು. ಇವತ್ತು ಮುಟ್ಟಂಗಿಲ್ಲ. ನಾಳೆ ಬೆಳಿಗ್ಗೆ ಕದಲಿಸಿದ್ಮೇಲೆ ತಗಂಡೋಗು.”

“ಮ್ಯಾಚು ಇವತ್ತು ಸ್ವಾಮಿ!”

“ಇಡೋ ಮುಂಚೆ ಯೋಚ್ನೆ ಮಾಡ್ಬೇಕಿತ್ತು. ಆ ಲೇತ್ ಕೇಳ್ತಾ? ತಕ್ಕಡಿ ಕೇಳ್ತಾ? ನಿನ್ ಬೂಟ್ ಒಂದೇ ಯಾಕೆ ಕುಣೀಬೇಕು?”

ಮಹದೇವ ಮುಂದೆ ಬಂದ. “ಅಂಗನ್ಬೇಡಿ ಸ್ವಾಮಿ, ಇದು ನನ್ ಮದ್ವೆ ವಿಷ್ಯ.”

“ಮದ್ವೆಗೆ ಇದನ್ನ ಹಾಕ್ಕಂಡೋಯ್ತೀಯ?”

ಸ್ಟೋರಿನ ಬೀಗದ ಕೈ ಅವರ ಸೊಂಟದಲ್ಲಿತ್ತು. ಮ್ಯಾನೇಜರರು ಬಂದು ಮೂರು ಸಲ ಇಂಗ್ಲಿಷಿನಲ್ಲಿ ಗದರಿದರು. “ನನ್ನ ಕೆಲಸದಿಂದ ಬೇಕಾದ್ರೆ ತೆಗೀರಿ ಸಾರ್, ಕದಲಿಸೋದು ನಾಳೆ,” ಎಂದರು ಶಿವನಂಜಪ್ಪ. ಮ್ಯಾನೇಜರರ ಕಾರೂ ಪೂಜೆಯಾಗಿ ನಿಂತಿತ್ತು. ಅದನ್ನೂ ಅವತ್ತು ಅವರು ಮುಟ್ಟಿರಲಿಲ್ಲ. ಹಾಗಾಗಿ ಅವರ ಮಾತಿಗೂ ಬಲ ಸಾಲಲಿಲ್ಲ. ತಂಡದವರೆಲ್ಲ ನನ್ನನ್ನು ನೋಡಿದರು. ನಾನು ನೆಲ ನೋಡಿದೆ, ಅಲ್ಲೊಂದು ಕಲ್ಲು ಇತ್ತೆಂಬಂತೆ.

ಆಗ ಬೆಣ್ಣಯ್ಯ ಬಂದ. ಕರ್ಪೂರದ ವಾಸನೆ ಹೀರಿದ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟ. ತನ್ನೂರಿನಲ್ಲೂ ಇದೇ ಅಕ್ಟೋಬರ್ ತಿಂಗಳಲ್ಲಿ ಜನ ನೇರಳೆ ಬಟ್ಟೆ ತೊಟ್ಟು ದೇವರ ಮೆರವಣಿಗೆ ಮಾಡುತ್ತಾರೆಂದೂ, ತನ್ನ ತಾಯಿ ಮೆರವಣಿಗೆ ಬರುವ ದಾರಿಯಲ್ಲಿ ತನ್ನ ಬೂಟು ಹಿಡಿದು ನಿಲ್ಲುತ್ತಿದ್ದಳೆಂದೂ ಹೇಳಿದ. ಶಿವನಂಜಪ್ಪನವರ ಮುಖ ಸ್ವಲ್ಪ ಸಡಿಲವಾಯಿತು. ಆಮೇಲೆ ಬೆಣ್ಣಯ್ಯ ತುಂಬ ವಿನಯದಿಂದ ಕೇಳಿದ:

“ಕದಲಿಸಾದು ಅಂದ್ರೆ ಏನು ನನ್ನಪ್ಪಾ?”

“ಪೂಜೆ ಮಾಡಿದ್ದನ್ನ ಒಂಚೂರು ಉತ್ತರಕ್ಕೆ ಸರಿಸೋದು. ಅಲ್ಲಿಗೆ ದೇವ್ರು ಬಿಟ್ಕೊಟ್ಟಂಗೆ.”

“ಯಾರು ಸರಿಸ್ಬೇಕು?”

“ಭಕ್ತಿ ಇದ್ದೋರು ಯಾರಾದ್ರೂ. ಕಾಲಲ್ಲಿ ಮಾತ್ರ ಮುಟ್ಟಂಗಿಲ್ಲ.”

“ಉತ್ತರ ಎಲ್ಲದೆ?”

ಶಿವನಂಜಪ್ಪನವರು ಕಿಟಕಿಯಾಚೆ ಕಾಣುವ ಚಾಮುಂಡಿ ಬೆಟ್ಟದ ಕಡೆ ಕೈ ತೋರಿಸಿದರು. ಬೆಣ್ಣಯ್ಯ ಹಾಳಾದ ಮಂಡಿಯನ್ನು ಹಿಡಿದುಕೊಂಡು, ನರಳುತ್ತ, ನೆಲಕ್ಕೆ ಕುಳಿತ. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡ. ಬೆಟ್ಟದ ದಿಕ್ಕಿಗೆ ಬಾಗಿದ. ಹಣೆಯನ್ನು ಚೆಂಡಿಗೆ ಮುಟ್ಟಿಸಿದ. ನಮಸ್ಕಾರ ಮಾಡುತ್ತಿದ್ದಾನೆಂದೇ ಎಲ್ಲರೂ ತಿಳಿದೆವು. ಅದು ನಮಸ್ಕಾರವೂ ಹೌದು. ಆದರೆ ಕತ್ತಿನಲ್ಲಿ ಒಂದು ಸಣ್ಣ ಕುಲುಕು ಬಂತು, ಜೀವಮಾನವೆಲ್ಲ ತಲೆಯಿಂದ ಚೆಂಡು ತಳ್ಳಿದವನಿಗೆ ಮಾತ್ರ ಬರುವಂಥದು. ಚೆಂಡು ಅಕ್ಕಿಯಿಂದ ಇಳಿದು, ರಂಗೋಲಿ ದಾಟಿ, ಸ್ಪ್ಯಾನರುಗಳ ನಡುವೆ ದಾರಿ ಮಾಡಿಕೊಂಡು, ಹೊಸ್ತಿಲಿಗೆ ಬಡಿದು ನಿಂತಿತು. ಶುದ್ಧ ಉತ್ತರ.

ಬೆಣ್ಣಯ್ಯನ ಬೋಳು ಹಣೆಯ ಮೇಲೆ ರೂಪಾಯಿಯಗಲ ಕುಂಕುಮ.

ಶಿವನಂಜಪ್ಪನವರು ಎರಡೂ ಕೈ ಜೋಡಿಸಿದರು. “ಕದಲ್ಬುಡ್ತು,” ಎಂದರು ಮೆಲ್ಲಗೆ. “ಅದೇ ಹೊಂಟೋದ್ಮೇಲೆ ನಂದೇನದೆ. ತಗಂಡೋಗ್ರಪ್ಪ.” ನನ್ನ ಬಲಗಾಲಿನ ಬೂಟಿನ ಮುಂದೆ ಒಂದು ನಿಂಬೆಹಣ್ಣು ಇಟ್ಟು, ತುಳಿದುಕೊಂಡೇ ವ್ಯಾನ್ ಹತ್ತಬೇಕೆಂದು ಆಜ್ಞೆ ಮಾಡಿದರು. ಮೊದಲನೆಯ ಸಲ ತಪ್ಪಿಸಿದೆ. ಎರಡನೆಯ ಸಲ ಸಿಕ್ಕಿತು.

ಪಂದ್ಯ ಶುರುವಾಗುವ ಮುಂಚೆ ರೆಫರಿ ಚೆಂಡನ್ನು ನೋಡಿ ಹುಬ್ಬೇರಿಸಿದರು. ಅವರು ಶಾಲೆಯೊಂದರ ಡ್ರಿಲ್ ಮೇಷ್ಟ್ರು. ಕರವಸ್ತ್ರದಲ್ಲಿ ಒರೆಸಿದರು, ಕರವಸ್ತ್ರ ಕೆಂಪಾಯಿತು, ಚೆಂಡು ಹಾಗೇ ಇತ್ತು. ಹಬ್ಬದ ದಿನ ಇನ್ನೊಂದು ಚೆಂಡಿಗೆ ಎಲ್ಲಿ ಹೋಗುವುದು? ಆಡಿಸಿದರು. ಎಣ್ಣೆಯ ಕುಂಕುಮ ಬಿಸಿಲಿಗೂ ಬೆವರಿಗೂ ಇಳಿಯತೊಡಗಿತು. ತಲೆ ಕೊಟ್ಟವನ ಹಣೆ ಕೆಂಪು, ಎದೆಯಲ್ಲಿ ತಡೆದವನ ಎದೆ ಕೆಂಪು. ಎರಡೂ ಕಡೆಯ ಗೋಲ್‌ಕೀಪರುಗಳು ಅಂಗೈಗೆ ಮದರಂಗಿ ಹಚ್ಚಿದ ಮದುಮಕ್ಕಳಂತಿದ್ದರು. ಅರ್ಧ ಆಟ ಮುಗಿಯುವ ಹೊತ್ತಿಗೆ ಇಪ್ಪತ್ತೆರಡು ಜನರೂ ಒಂದೇ ಮದುವೆಯಿಂದ ಎದ್ದುಬಂದ ಹಾಗೆ ಕಾಣುತ್ತಿದ್ದೆವು. ನನ್ನ ಪಕ್ಕದ ಡಿಫೆಂಡರ್ ಕೇಳಿದ: “ಏನ್ ಗುರೂ, ಚೆಂಡಿಗೆ ಯಾವ ಪೂಜೆ ಮಾಡ್ಸಿದ್ರಿ? ನಮ್ಗೂ ಒಸಿ ಪ್ರಸಾದ ಕೊಡೋದಲ್ವಾ?”

ಆಟ ಮುಗಿಯಲು ಬಂತು, ಎರಡೂ ಕಡೆ ಸೊನ್ನೆ. ಸಮವಾದರೆ ನಾವು ಮನೆಗೆ. ಮಹದೇವ ಎಡಗಡೆಯಿಂದ ಕ್ರಾಸ್ ಕಳಿಸಿದ. ನಾನು ಡಿಫೆಂಡರಿನ ಕಣ್ಣಿಗೆ ಬೀಳದ ಕಡೆ ಇದ್ದೆ, ಸರಿಯಾಗಿ ಕಲಿತಂತೆ. ಜಿಗಿದೆ. ಚೆಂಡು ನಾನು ಎಣಿಸಿದ ಜಾಗಕ್ಕಿಂತ ಹಿಂದೆ ಬರುತ್ತಿರುವುದು ಗಾಳಿಯಲ್ಲಿದ್ದಾಗ ತಿಳಿಯಿತು. ಮೈ ತಿರುಚಿದೆ. ಕಣ್ಣು ಮುಚ್ಚಿತು.

ಕಣ್ಣು ಬಿಟ್ಟಾಗ ಚೆಂಡು ಬಲೆಯಲ್ಲಿತ್ತು. ನನ್ನ ಎಡಗೈಯ ಮಣಿಕಟ್ಟಿನಿಂದ ಕಿರುಬೆರಳಿನವರೆಗೆ ಒಂದು ಹಸಿ ಕೆಂಪು ಗೆರೆ ಇತ್ತು.

ಇಲ್ಲಿ ನೆನಪು ತಪ್ಪಿರಬಹುದು ಎಂದು ಬರೆದು ಪಾರಾಗಬಹುದು. ಆಗುವುದಿಲ್ಲ. ನನ್ನ ಇಡೀ ವೃತ್ತಿಯಲ್ಲಿ ಯಾರೂ ಕದಲಿಸಲಾರದ ನೆನಪು ಆ ಗೆರೆ ಒಂದೇ.

ಹಗ್ಗದವರು “ಹ್ಯಾಂಡ್! ಹ್ಯಾಂಡ್!” ಎಂದು ಅರಚುತ್ತ ಬಂದರು. ರೆಫರಿ ದೂರದಿಂದ ಓಡಿಬರುತ್ತಿದ್ದರು. ಅಷ್ಟರಲ್ಲಿ ನಮ್ಮವರು ನನ್ನ ಮೇಲೆ ಬಿದ್ದರು. ಅವರನ್ನೆಲ್ಲ ತಳ್ಳಿಕೊಂಡು ಬೆಣ್ಣಯ್ಯ ಬಂದ, ಕೈಯಲ್ಲಿ ಒದ್ದೆ ಟವೆಲ್ಲು. ದಣಿದವನಿಗೆ ಯಾರೇ ಆದರೂ ಮೊದಲು ಮುಖ ಒರೆಸುತ್ತಾರೆ. ಅವನು ಮೊದಲು ನನ್ನ ಎಡಗೈ ಒರೆಸಿದ. ಆಮೇಲೆ ಬಲಗೈ. ಮುಖವನ್ನು ಮುಟ್ಟಲೇ ಇಲ್ಲ.

“ಎಲ್ಲಿ, ಕೈ ತೋರ್ಸು,” ಎಂದರು ರೆಫರಿ.

ತೋರಿಸಿದೆ. ಮೈದಾನದಲ್ಲಿ ಶುಭ್ರವಾಗಿದ್ದ ಕೈಗಳು ಅವೆರಡೇ. ಅದೇ ಅನುಮಾನಕ್ಕೆ ಸಾಕಾಗಿತ್ತು.

“ನೀನೇ ಹೇಳಪ್ಪ. ಕೈಯೋ, ತಲೆಯೋ?”

“ಗೊತ್ತಿಲ್ಲ ಸಾರ್. ಕಣ್ಣು ಮುಚ್ಚಿದ್ದೆ.”

ಈ ಮಾತಿನಲ್ಲಿ ಎರಡನೆಯ ವಾಕ್ಯ ಸತ್ಯ, ಮೊದಲನೆಯದು ಸುಳ್ಳು. ರೆಫರಿ ನನ್ನ ಹಣೆಯ ಕೆಂಪನ್ನು ನೋಡಿದರು. ಅದು ಯಾವ ಹೊತ್ತಿನ ಕೆಂಪೆಂದು ದೇವರೂ ಹೇಳಲಾರ. ಹಗ್ಗದವರ ಕೈಗಳನ್ನು ನೋಡಿದರು. ಕೊನೆಗೆ ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು, ಅದೂ ಕೆಂಪು. ಪ್ರೇಕ್ಷಕರ ಕಡೆ ಒಂದು ಸಲ ಕಣ್ಣಾಡಿಸಿದರು, ಯಾರಾದರೂ ಕಂಡವರು ಏನಾದರೂ ಹೇಳಬಹುದೆಂಬಂತೆ. ಗೋಲಿನ ಹಿಂದೆ ಕೂತಿದ್ದವರು ಬಾಯಿ ಬಿಡಲಿಲ್ಲ. ಸೀಟಿ ಊದಿದರು. ಗೋಲು.

ಹನ್ನೊಂದು ಜನರೂ ಪರ್ಮನೆಂಟ್ ಆದೆವು. ನನ್ನ ಕಾರ್ಡಿನಲ್ಲಿ ಒಂದು ಎಂದು ಬಿತ್ತು. ಬೆಣ್ಣಯ್ಯ ಡಿಸೆಂಬರಿನಲ್ಲಿ ಊರಿಗೆ ಹೋದ. ರೈಲು ನಿಲ್ದಾಣದಲ್ಲಿ ಕೇಳಿದೆ: “ಕೈ ನೋಡಿದ್ರಾ?”

“ನೋಡ್ದೆ ಕಂದ. ಒರೆಸ್ದೆ. ಆಮೇಕೆ ಮರ್ತೆ.” ರೈಲು ಹತ್ತುತ್ತ, ಪೆರುವಿಗಾಗಿ ತಾನು ಹೊಡೆದ ಗೋಲನ್ನು ಬಹುಶಃ ಹೊಡೆದವನು ಇನ್ನೊಬ್ಬ, ತಾನು ಅವನ ಪಕ್ಕದಲ್ಲಿದ್ದೆ ಅಷ್ಟೆ ಎಂದ. ಆ ಕತೆಗೆ ಇದು ನಾಲ್ಕನೆಯ ಆವೃತ್ತಿ. ನಂಬಲೇ ಎಂದು ಕೇಳಿದೆ. ಬೇಡ ಎಂದ.

ಇಷ್ಟು ವರ್ಷ ನಾನು ಬಾಯಿ ಬಿಡಲಿಲ್ಲ. ಹನ್ನೊಂದು ಮನೆಗಳ ಅನ್ನ ಆ ಗೋಲಿನ ಮೇಲೆ ನಿಂತಿತ್ತು. ಗೋಲು ಮೋಸದ್ದೆಂದು ಒಂದು ಅರ್ಜಿ ಹೋದರೆ ಯಾರಿಗೆ ಏನಾಗುತ್ತಿತ್ತೋ. ನಾನು ನಿವೃತ್ತನಾದೆ, ಒಬ್ಬೊಬ್ಬರಾಗಿ ಎಲ್ಲರೂ ಆದರು. ಹೋದ ತಿಂಗಳು ಕೊನೆಯವನಾದ ಮಹದೇವನ ಸರದಿ. ಕೃಷ್ಣಮೂರ್ತಿಪುರಂನ ಅವನ ಮನೆಯಲ್ಲಿ ಊಟ. ಬೇರೆಯವರೆಲ್ಲ ಹೊರಟ ಮೇಲೆ ಅವನೂ ಸುಶೀಲಮ್ಮನೂ ನಾನೂ ಕೂತಿದ್ದೆವು. ಎಲೆಯಡಿಕೆ ಹಾಕಿಕೊಂಡು, ಧೈರ್ಯ ಮಾಡಿ, ಹೇಳಿಬಿಟ್ಟೆ.

“ಮಹದೇವ, ಆ ಗೋಲು ತಲೆಯಿಂದ ಹೊಡ್ದಿದ್ದಲ್ಲ ಕಣೋ. ಕೈ.”

ಅವನು ನಕ್ಕ. “ಸುಮ್ನಿರೋ. ನಾನೇ ನೋಡಿದ್ದೀನಿ. ತಲೆ. ನನ್ ಕ್ರಾಸು ನೇರ ನಿನ್ ಹಣೆಗೆ ಬಂತು.”

“ಕೈ ಕಣೋ. ಬೆಣ್ಣಯ್ಯ ಒರೆಸಿದ.”

“ವಯಸ್ಸಾಯ್ತು ನಿಂಗೆ. ನನ್ ಪರ್ಮನೆಂಟ್ ಆರ್ಡರು ನಿನ್ ಕೈಯಿಂದ ಬಂದದ್ದು ಅಂತೀಯಾ? ಇಪ್ಪತ್ತೆಂಟು ವರ್ಷ ತಿಂದ ಅನ್ನ ಈಗ ಅರಗ್ಬಾರ್ದು ಅಂತ್ಲಾ?”

ಅವನ ಕಣ್ಣಿನಲ್ಲಿ ಸಿಟ್ಟಿತ್ತು. ಇಷ್ಟು ವರ್ಷ ಹೊತ್ತದ್ದನ್ನು ಇಳಿಸಲು ಹೋದರೆ ಇಸಿದುಕೊಳ್ಳುವವರೇ ಇಲ್ಲವಲ್ಲ ಎನಿಸಿತು. ಆಗ ತಟ್ಟೆ ಎತ್ತುತ್ತಿದ್ದ ಸುಶೀಲಮ್ಮ ತಲೆಯೆತ್ತದೆ ಹೇಳಿದರು:

“ಕೈಯೇ ಕಣ್ರೀ. ನಮ್ಮಪ್ಪ ನೋಡಿದ್ರು.”

ಮಹದೇವನ ಬಾಯಲ್ಲಿದ್ದ ಎಲೆಯಡಿಕೆ ನಿಂತಿತು.

“ಅವತ್ತು ಗೋಲಿನ ಹಿಂದ್ಗಡೆನೇ ಕೂತಿದ್ರಂತೆ, ಹುಡುಗನ್ನ ನೋಡೋಣಾಂತ. ಸಂಜೆ ಮನೆಗೆ ಬಂದು ಅಮ್ಮಂಗೆ ಹೇಳಿದ್ರು. ನಾನು ಅಡಿಗೆಮನೇಲಿದ್ದೆ.”

“ನಿಮ್ಮಪ್ಪ ಹಗ್ಗದ ಫ್ಯಾಕ್ಟ್ರೀಲಿ ಫೋರ್ಮನ್ ಆಗಿದ್ರಲ್ಲೇ!” ಎಂದ ಮಹದೇವ.

“ಅದಕ್ಕೇ ಮತ್ತೆ. ತಮ್ ಕಂಪ್ನಿ ಸೋಲ್ತಾ ಇದೆ, ಕೈ ಮುಟ್ಟಿದ್ದು ಕಣ್ಣಾರೆ ಕಂಡಿದ್ದಾರೆ. ಕೂಗಿಬಿಡೋಣ ಅಂತ ಎದ್ದು ನಿಂತ್ರಂತೆ. ರೆಫರಿ ಇವರ ಕಡೇನೇ ನೋಡಿದ್ರಂತೆ. ಆಮೇಲೆ ನನ್ ನೆನಪಾಯ್ತಂತೆ. ಕೂತ್ಕೊಂಡ್ರಂತೆ.”

ನನ್ನ ಎದೆಯಿಂದ ಇಳಿಯಬೇಕಾದದ್ದು ಇಳಿಯಿತೋ, ಇನ್ನೊಬ್ಬರದೂ ಸೇರಿ ಹೆಚ್ಚಾಯಿತೋ, ಇವತ್ತಿಗೂ ಹೇಳಲಾರೆ. ಆ ಮನುಷ್ಯ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ನನ್ನನ್ನು ಹತ್ತಾರು ಹಬ್ಬಗಳಲ್ಲಿ ಎದುರಿಗೆ ಕೂರಿಸಿಕೊಂಡು ಊಟ ಮಾಡಿದವರು.

ಮಹದೇವ ಹೆಂಡತಿಯ ಕಡೆ ತಿರುಗಿದ. ಧ್ವನಿ ಬೇರೆಯಾಗಿತ್ತು.

“ಕ್ರಾಸಿನ ವಿಷ್ಯ ಏನಾದ್ರೂ ಅಂದ್ರಾ?”

ಸುಶೀಲಮ್ಮ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೊರಟರು.

“ಅಂದ್ರು. ಕ್ರಾಸು ಹಿಂದೆ ಬಿತ್ತು, ಅದಕ್ಕೇ ಪಾಪ ಆ ಹುಡುಗ ಕೈ ಹಾಕ್ಬೇಕಾಯ್ತು ಅಂದ್ರು.”